ಹಿತ್ತಿಲಿನಿಂದ ಕಂಡ ದೊಡ್ಡ ಮನೆ

“ಒಮ್ಮೆ ಸಿಕ್ಕ ಶಾಂತಿ ಮತ್ತೆ ಸಿಗಬೇಕಾದರೆ ಏನು ಮಾಡಬೇಕು, ಬುದ್ಧಿ?” ಎಂದು ಗುರುಪಾದ ಕೇಳಿದ.

ಗುರುಪಾದ ಮಠ ಸೇರಿ ಕೆಲವು ವರ್ಷಗಳಾಗಿದ್ದವು. ಅದಕ್ಕೆ ಮುಂಚೆ ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿದವನು. ಯಾವುದನ್ನೇ ಆಗಲಿ ಅಳೆದು, ಗುರುತು ಹಾಕಿ, ಕಲ್ಲು ನೆಟ್ಟು ಮುಗಿಸುವುದು ಅವನಿಗೆ ರೂಢಿ. ಗುರುಗಳು ಜಗಲಿಯ ಮೇಲೆ ಕೂತು ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಹರಡುತ್ತಿದ್ದರು. ತಲೆ ಎತ್ತದೆ, “ಎಲ್ಲಿ ಸಿಕ್ಕಿತ್ತು?” ಎಂದರು.

“ಕೆರೆಯ ಹತ್ತಿರ, ಮಡಿವಾಳರ ಚಿಕ್ಕತಾಯಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಒಂದು ಬೆಳಿಗ್ಗೆ ಸುಮ್ಮನೆ ಹೋಗಿ ಕೂತಿದ್ದೆ. ಅವಳು ಒಗೆದು ಮುಗಿಸಿ ಬಟ್ಟೆ ಹರವುತ್ತಿದ್ದಳು. ಆಗ ಬಂತು. ಇಷ್ಟು ವರ್ಷ ಕಣ್ಣು ಮುಚ್ಚಿ ಕೂತರೂ ಬಾರದ್ದು ಬಂತು. ಆಮೇಲೆ ದಿನವೂ ಹೋಗುತ್ತಿದ್ದೇನೆ. ಬರುತ್ತಿಲ್ಲ. ಒಗೆಯುವ ಸದ್ದು, ಸೋಪಿನ ನೀರು, ಅವಳ ಮಾತು. ಬುದ್ಧಿಯವರು ಅಪ್ಪಣೆ ಕೊಟ್ಟರೆ ಅವಳಿಗೆ ತೂಬಿನ ಆಚೆ ಬೇರೆ ಕಲ್ಲು ಹಾಕಿಸಿಕೊಡುತ್ತೇನೆ. ಈ ಕಲ್ಲಿನ ಹತ್ತಿರ ಒಂದು ಸಣ್ಣ ಕುಟೀರ ಕಟ್ಟಿಕೊಳ್ಳುತ್ತೇನೆ.”

“ಚಿಕ್ಕತಾಯಮ್ಮನಿಗೆ ಹೇಳಿದೆಯಾ?”

“ಹೇಳಿದ್ದೇನೆ. ಮಠದವರು ಹೇಳಿದ ಮೇಲೆ ಇನ್ನೇನು, ಎದ್ದು ಹೋಗುತ್ತೇನೆ ಅಂದಳು.”

ಗುರುಗಳು ಒಂದು ಗಟ್ಟಿಯನ್ನು ತಿರುವಿಹಾಕಿದರು.

“ಅತಿಥಿಗಳ ಕೋಣೆಯಲ್ಲಿ ಇಂಗ್ಲೆಂಡಿನ ಚಿತ್ರವೊಂದನ್ನು ತೂಗುಹಾಕಿದ್ದಾರಲ್ಲ, ನೋಡಿದ್ದೀಯಾ?”

ನೋಡಿದ್ದ. ಯಾವುದೋ ಕಾಫಿ ಎಸ್ಟೇಟಿನ ಬಂಗಲೆ ಹರಾಜಾದಾಗ ಭಕ್ತರೊಬ್ಬರು ಕೊಂಡು ಮಠಕ್ಕೆ ಒಪ್ಪಿಸಿದ ಚಿತ್ರ. ದೊಡ್ಡದೊಂದು ಕಲ್ಲಿನ ಮನೆ, ಮುಂದೆ ಹುಲ್ಲು, ನೀರು, ಮರ. ಮಠದಲ್ಲಿ ಅದಕ್ಕೇನು ಕೆಲಸವೆಂದು ಯಾರಿಗೂ ಗೊತ್ತಿರಲಿಲ್ಲ. ಕೊಟ್ಟವರು ನೊಂದುಕೊಳ್ಳಬಾರದೆಂದು ಗೋಡೆಗೆ ಏರಿಸಿದ್ದರು.

“ಆ ಚಿತ್ರದ ಕತೆ ನನಗೆ ಗೊತ್ತಿಲ್ಲ. ಅಂಥದೇ ಇನ್ನೊಂದು ಚಿತ್ರದ ಕತೆ ಹೇಳುತ್ತೇನೆ, ಕೇಳು,” ಎಂದು ಗುರುಗಳು ಹೇಳತೊಡಗಿದರು.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಬ್ಬ ದೊರೆ ಇದ್ದ. ದೊರೆ ಎಂದರೆ ರಾಜನಲ್ಲ. ಸುತ್ತಲಿನ ಹಳ್ಳಿಗಳ ಜಮೀನೆಲ್ಲ ಅವನದು, ಅಷ್ಟೇ. ಅವನಿಗೆ ಒಂದು ದೊಡ್ಡ ಮನೆ ಇತ್ತು. ಮುತ್ತಜ್ಜನ ಮುತ್ತಜ್ಜ ಕಟ್ಟಿಸಿದ್ದು. ರಾಜ ಆ ದಾರಿಯಲ್ಲಿ ಬಂದಾಗ ಒಂದು ದಿನ ತಂಗಲಿ ಎಂದು ಕಟ್ಟಿಸಿದ್ದಂತೆ. ರಾಜ ಬೇರೆ ದಾರಿಯಲ್ಲಿ ಹೋದ, ಮನೆ ಉಳಿಯಿತು. ರಾಜನಿಗೆಂದು ಕಟ್ಟಿದ ಮನೆಯಲ್ಲಿ ಮನುಷ್ಯರು ಬಾಳಬೇಕಾಯಿತು. ಒಂದು ಕೋಣೆಯಲ್ಲಿ ಕೂಗಿದರೆ ಇನ್ನೊಂದು ಕೋಣೆಗೆ ಕೇಳುತ್ತಿರಲಿಲ್ಲ. ಬೇಸಿಗೆಯಲ್ಲೂ ಒಳಗೆ ಕಂಬಳಿ ಹೊದೆಯಬೇಕಿತ್ತು.

ಆ ಮನೆಯಲ್ಲೇ ಹುಟ್ಟಿ ಬೆಳೆದ ದೊರೆಗೆ ಅದು ತನ್ನ ಮನೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಅಷ್ಟು ದೊಡ್ಡ ಮನೆಯ ಯಜಮಾನ ನನಗೊಂದು ಮನೆ ಇಲ್ಲ ಎಂದರೆ ಕೇಳಿದವರು ನಗುತ್ತಾರೆ. ಅವನು ಒಳಗೊಳಗೇ ಕೊರಗಿದ. ಬಂಧುವಿನ ಮನೆಗೆ ಬಂದು ಹೊರಡುವ ಬಸ್ಸು ತಪ್ಪಿದವನು ಹೇಗೆ ಕೂತಿರುತ್ತಾನೋ, ಹಾಗೆ ತನ್ನ ಮನೆಯಲ್ಲಿ ಕೂತಿದ್ದ.

ಆ ನಾಡಿನ ದೊರೆಗಳಲ್ಲಿ ಒಂದು ಪದ್ಧತಿ ಇತ್ತು. ತಮ್ಮ ಮನೆಯ ಚಿತ್ರವನ್ನು ಬರೆಸಿ ಅದೇ ಮನೆಯ ಗೋಡೆಗೆ ತೂಗುಹಾಕುವುದು. ಮನೆಯೊಳಗೇ ಇರುವವನಿಗೆ ಮನೆಯ ಚಿತ್ರ ಏತಕ್ಕೆ ಎಂದು ನೀನು ಕೇಳಬಹುದು. ನಮ್ಮಲ್ಲಿ ಮದುವೆಯ ಚಪ್ಪರದಲ್ಲೇ ಕೂತು ಅದೇ ಮದುವೆಯನ್ನು ಟಿ.ವಿ. ಪರದೆಯಲ್ಲಿ ನೋಡುವವರಿಲ್ಲವೇ, ಹಾಗೆ. ನೆರೆಯ ದೊರೆಗಳೆಲ್ಲ ಬರೆಸಿದ ಮೇಲೆ ಇವನೂ ಒಬ್ಬ ಚಿತ್ರಗಾರನನ್ನು ಕರೆಸಿದ.

ಹೆಬ್ಬಾಗಿಲ ಮುಂದೆ ಕುರ್ಚಿ ಹಾಕಿಸಿದರು. ಛತ್ರಿ ಹಿಡಿಯಲು ಒಬ್ಬ ಆಳನ್ನು ಕೊಟ್ಟರು. ಚಿತ್ರಗಾರ ಕೂರಲಿಲ್ಲ. ತಪ್ಪಿಸಿಕೊಂಡ ಹಸುವನ್ನು ಹುಡುಕುವವನ ಹಾಗೆ ಮನೆಯ ಸುತ್ತ ತಿರುಗಿದ. ಹತ್ತಿರದಿಂದ ನೋಡಿದರೆ ಬರೀ ಗೋಡೆ. ದೂರ ಹೋದರೆ ಮರ ಅಡ್ಡ. ಕಡೆಗೆ ಹೊಳೆ ದಾಟಿ, ಎದುರಿನ ದಿಣ್ಣೆ ಹತ್ತಿ, ಒಬ್ಬ ಮುದುಕಿಯ ಹಿತ್ತಿಲಿಗೆ ಬಂದ. ಅಲ್ಲಿ ಅವನಿಗೆ ಜಾಗ ಸಿಕ್ಕಿತು.

ಮುದುಕಿ ಗಂಡನನ್ನು ಕಳೆದುಕೊಂಡವಳು. ನೆಲ ದೊರೆಯದು, ಅದರ ಮೇಲಿನ ಹುಲ್ಲಿನ ಗುಡಿಸಲು ಅವಳ ಗಂಡ ಕಟ್ಟಿದ್ದು. ಗುಡಿಸಲಿನ ಹಿಂದೆ ಮೇಲಕ್ಕೆ ಏರುವ ಹಿತ್ತಿಲು. ಅದರಲ್ಲಿ ಹುರುಳಿಕಾಯಿ ಬಳ್ಳಿ, ನಾಲ್ಕು ಕೋಳಿ. ಹಿತ್ತಿಲಿನ ಮೇಲಿನ ತುದಿಯಲ್ಲಿ ಕೂತರೆ ಕೆಳಗೆ ಅವಳ ಸೂರು, ಸೂರಿನಾಚೆ ಹೊಳೆ, ಹೊಳೆಯಾಚೆ ದೊರೆಯ ಮನೆ, ಎಲ್ಲವೂ ಒಂದೇ ನೋಟಕ್ಕೆ ಕಾಣುತ್ತಿತ್ತು. ಚಿತ್ರಗಾರ ಕೂರಬಹುದೇ ಎಂದು ಕೇಳಿದ.

“ಕೂತ್ಕೊಳಪ್ಪ. ಬಳ್ಳಿ ತುಳೀಬ್ಯಾಡ, ಅಷ್ಟೆ,” ಎಂದಳು ಮುದುಕಿ.

ಅವನು ಬಳ್ಳಿ ತುಳಿಯದೆ ಕೂತ. ಕಂಡದ್ದನ್ನೆಲ್ಲ ಬರೆದ. ಅವಳು ತನ್ನ ಪಾಡಿಗೆ ಕೋಳಿ ಕರೆದಳು, ಸೌದೆ ಒಡೆದಳು, ಸಂಜೆ ಹಿತ್ತಿಲ ಬಾಗಿಲಲ್ಲಿ ಕೂತು ಕಾಯಿ ಬಿಡಿಸಿದಳು. ಅವನು ಅದನ್ನೂ ಬರೆದ. ಚಿತ್ರ ಮುಗಿಯಿತು. ದೊರೆ ಕೊಡಬೇಕಾದ್ದನ್ನು ಕೊಟ್ಟು ಕಳುಹಿಸಿದ. ಆಳುಗಳು ಚಿತ್ರವನ್ನು ದೊಡ್ಡ ಕೋಣೆಯ ಗೋಡೆಗೆ ಏರಿಸಿದರು.

ದೊರೆ ಬಂದು ನೋಡಿದ. ಚಿತ್ರದಲ್ಲಿ ಸಂಜೆ. ದೂರದಲ್ಲಿ ಅಂಗೈಯಗಲದ ಮನೆ. ಕಿಟಕಿಗಳಲ್ಲಿ ದೀಪ. ಇತ್ತ ಕೆಳಗೆ ಹುಲ್ಲಿನ ಸೂರು, ಸೂರಿನ ಮೇಲೆ ಹೊಗೆ, ಹಿತ್ತಿಲ ಬಾಗಿಲಲ್ಲಿ ಒಬ್ಬ ಮುದುಕಿ. ಅವನಿಗೆ ಹೊತ್ತಾಯಿತು, ಮನೆಗೆ ಹೋಗಬೇಕು ಅನ್ನಿಸಿತು. ತನ್ನ ಮನೆಯೊಳಗೇ ನಿಂತವನಿಗೆ ಮನೆಗೆ ಹೋಗಬೇಕು ಅನ್ನಿಸಿತು. ಹುಟ್ಟಿದಾಗಿನಿಂದ ಕಾಣದ ಒಂದು ನೆಮ್ಮದಿ ಎದೆಯೊಳಗೆ ಬಂದು ಕೂತಿತು. ದೀಪ ಹಚ್ಚಲು ಬಂದ ಆಳು, ದೊರೆಯ ಕಣ್ಣಲ್ಲಿ ನೀರು ಕಂಡು, ಬಂದ ಹಾಗೆಯೇ ಹಿಂದಕ್ಕೆ ಹೋದ.

ಮರುದಿನ ಅದೇ ಹೊತ್ತಿಗೆ ದೊರೆ ಮತ್ತೆ ಚಿತ್ರದ ಮುಂದೆ ನಿಂತ. ನೆಮ್ಮದಿ ಬಂತು, ಆದರೆ ನಿನ್ನೆಯಷ್ಟಲ್ಲ. ಅದರ ಮರುದಿನ ಬಂದ ಹಾಗಾಗಿ ಹೋಯಿತು. ಆಮೇಲೆ ಬರಲೇ ಇಲ್ಲ. ಚಿತ್ರ ಗೋಡೆಯ ಮೇಲಿನ ಚಿತ್ರವಾಯಿತು. ಊಟಕ್ಕೆ ಬಂದವರು ಚೌಕಟ್ಟು ಚೆನ್ನಾಗಿದೆ ಎಂದು ಹೇಳಿ ಹೋಗುತ್ತಿದ್ದರು.

ಗುರುಪಾದನಿಗೆ ಕತೆ ಎಲ್ಲಿಗೆ ಹೋಗುತ್ತದೆಂದು ಗೊತ್ತಾದ ಹಾಗಾಯಿತು. “ದೂರದ ಬೆಟ್ಟ ನುಣ್ಣಗೆ ಅಂತ, ಅಲ್ಲವೇ ಬುದ್ಧಿ?” ಎಂದ.

“ಅಷ್ಟು ಹೇಳುವುದಕ್ಕೆ ನಾನು ಇಂಗ್ಲೆಂಡಿಗೆ ಹೋಗಬೇಕಾಗಿರಲಿಲ್ಲ. ಸುಮ್ಮನೆ ಕೇಳು,” ಎಂದು ಗುರುಗಳು ಮುಂದುವರಿಸಿದರು.

ರುಚಿ ಗೊತ್ತಿಲ್ಲದವನಿಗೆ ಬಯಕೆ ಇಲ್ಲ. ದೊರೆಗೆ ಈಗ ರುಚಿ ಗೊತ್ತಾಗಿತ್ತು. ಅದಕ್ಕೆ ಮೊದಲು ಅವನು ಕೊರಗುತ್ತಿದ್ದ, ಈಗ ಹುಡುಕತೊಡಗಿದ. ಚಿತ್ರದಲ್ಲೇ ಇಷ್ಟಿದ್ದರೆ ಚಿತ್ರ ಬರೆದ ಜಾಗದಲ್ಲಿ ಎಷ್ಟಿರಬೇಡ ಎಂದು ಲೆಕ್ಕ ಹಾಕಿದ. ಒಂದು ಸಂಜೆ ಹೊಳೆ ದಾಟಿ ಮುದುಕಿಯ ಹಿತ್ತಿಲಿಗೆ ಬಂದ. ಮೇಲಿನ ತುದಿಯಲ್ಲಿ ಕುರ್ಚಿ ಹಾಕಿಸಿ ಕೂತ.

ದೊರೆ ಬಂದನೆಂದು ಮುದುಕಿ ಓಡಿಬಂದು ಕೈಕಟ್ಟಿ ನಿಂತಳು. ಆ ನಾಡಿನಲ್ಲಿ ದೊರೆಯನ್ನು ಏನೆಂದು ಕರೆಯುತ್ತಾರೋ ನನಗೆ ತಿಳಿಯದು. ನಾವು ಬುದ್ಧಿ ಎಂದೇ ಇಟ್ಟುಕೊಳ್ಳೋಣ, ಇದ್ದರೂ ಇಲ್ಲದಿದ್ದರೂ. “ಯಾಕ್ ಬುದ್ಧಿ, ಏನಾರ ತಪ್ಪಾಯ್ತಾ?” ಎಂದು ಕೇಳಿದಳು. ಏನೂ ಇಲ್ಲ, ನೀನು ನಿನ್ನ ಕೆಲಸ ನೋಡಿಕೋ ಎಂದ ದೊರೆ. ದೊರೆ ಹಿಂದೆ ಕೂತು ನೋಡುತ್ತಿರುವಾಗ ಯಾರಿಗೆ ತಾನೇ ಕೆಲಸ ಕೈಗೆ ಹತ್ತುತ್ತದೆ? ಅವಳು ಒಳಗೆ ಹೋದಳು, ಹೊರಗೆ ಬಂದಳು. ಕೋಳಿ ಕುರ್ಚಿಯ ಕೆಳಗೆ ಕೆದಕಿತು. ಗಾಳಿ ತಿರುಗಿ ಒಲೆಯ ಹೊಗೆ ದೊರೆಯ ಕಣ್ಣಿಗೆ ಬಂತು. ನೆಮ್ಮದಿ ಹೊಸ್ತಿಲವರೆಗೆ ಬಂದು ಕೆಮ್ಮು ಕೇಳಿ ಹಿಂದಕ್ಕೆ ಹೋಯಿತು. ಈ ಮುದುಕಿ, ಈ ಕೋಳಿ, ಈ ಹೊಗೆ ಇಲ್ಲದಿದ್ದರೆ ಬಂದೇ ಬರುತ್ತಿತ್ತು ಎಂದು ಅವನಿಗೆ ಖಾತ್ರಿಯಾಯಿತು.

ಪಾರುಪತ್ಯಗಾರನನ್ನು ಕರೆಸಿದ. ಪಾರುಪತ್ಯಗಾರ ಜಮೀನಿನ ವ್ಯವಹಾರವೆಲ್ಲ ನೋಡಿಕೊಳ್ಳುವವನು, ದೊರೆಯ ಮನಸ್ಸಿನಲ್ಲಿರುವುದು ದೊರೆಗಿಂತ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು. “ನೆಲ ತಮ್ಮದೇ. ಮುದುಕಿಗೆ ದಿಣ್ಣೆಯ ಆಚೆ ಇಟ್ಟಿಗೆಯ ಮನೆ ಕೊಟ್ಟರಾಯಿತು. ಈ ಗುಡಿಸಲಿಗಿಂತ ಅದೇ ಮೇಲು,” ಎಂದ. ಸುಳ್ಳಲ್ಲ. ಇಟ್ಟಿಗೆಯ ಮನೆ ಗಟ್ಟಿಯಾಗಿತ್ತು, ಮಳೆಗೆ ಸೋರುತ್ತಿರಲಿಲ್ಲ. ಒಬ್ಬರನ್ನು ಎಬ್ಬಿಸುವವರು ಸಾಮಾನ್ಯವಾಗಿ ಅದಕ್ಕಿಂತ ಒಳ್ಳೆಯ ಜಾಗವನ್ನೇ ತೋರಿಸುತ್ತಾರೆ. ತಮಗೆ ನಿದ್ದೆ ಬರಬೇಕಲ್ಲ.

ಮುದುಕಿ ಇಟ್ಟಿಗೆಯ ಮನೆಯನ್ನು ನೋಡಿ ಬಂದಳು. “ಮನೆ ಚೆನ್ನಾಗೇ ಐತೆ ಬುದ್ಧಿ. ಇದು ನಮ್ಮೆಜಮಾನ ಕಟ್ಟಿದ್ದು, ಅದ್ಕೇ ಹೊಟ್ಟೆ ಉರೀತದೆ. ಕಾಯಿ ಕಿತ್ಕೊಳ್ಳೋಗಂಟ ತಡೀರಿ, ಹೋಯ್ತೀನಿ,” ಎಂದಳು.

ತಡೆಯುವಷ್ಟು ವ್ಯವಧಾನ ದೊರೆಗೆ ಇರಲಿಲ್ಲ. ಚಿತ್ರದಲ್ಲಿದ್ದದ್ದು ಮಾಗಿಗೆ ಮುಂಚಿನ ಸಂಜೆ. ಆ ಬೆಳಕು ಹೋದರೆ ಮತ್ತೆ ಒಂದು ವರ್ಷ ಕಾಯಬೇಕು. ಆಳುಗಳು ಬಂದು ಗುಡಿಸಲನ್ನು ಕೆಡವಿದರು. ಬಳ್ಳಿಯನ್ನು ಕಿತ್ತು ಹುಲ್ಲು ಹಾಸಿದರು. ಕೋಳಿಗಳನ್ನು ಬುಟ್ಟಿಯಲ್ಲಿ ಹಾಕಿ ಮುದುಕಿಯ ಕೈಗೆ ಕೊಟ್ಟರು. ಅವಳು ಬುಟ್ಟಿ ಹೊತ್ತು ದಿಣ್ಣೆ ಹತ್ತಿದಳು. ದೊರೆ ಅವಳು ಹೋದದ್ದನ್ನು ನೋಡಲಿಲ್ಲ. ಅವನು ಮಂಟಪದ ನಕ್ಷೆ ನೋಡುತ್ತಿದ್ದ.

ಹಿತ್ತಿಲಿನ ತುದಿಯಲ್ಲಿ ಬಿಳಿಯ ಕಂಬಗಳ ಮಂಟಪ ಎದ್ದಿತು. ಮೂಗಿಗಿಂತ ಮೂಗುತಿ ಭಾರ ಎಂದು ಊರವರು ಆಡಿಕೊಂಡರು. ದೊರೆ ದಿನವೂ ಸಂಜೆ ಅಲ್ಲಿಗೆ ಬಂದು ಕೂತ. ಹೊಗೆ ಇಲ್ಲ, ಕೋಳಿ ಇಲ್ಲ, ಮುದುಕಿ ಇಲ್ಲ. ಎದುರಿಗೆ ಹೊಳೆ, ಹೊಳೆಯಾಚೆ ತನ್ನ ಮನೆ. ಮನೆ ಚೆನ್ನಾಗಿಯೇ ಕಾಣುತ್ತಿತ್ತು. ಅವನು ನೋಡಿದ. ಕಣ್ಣು ನೋಯುವಷ್ಟು ನೋಡಿದ. ಏನೂ ಬರಲಿಲ್ಲ. ಅದು ಯಾರದೋ ಮನೆಯ ಹಾಗೆ ಎದುರಿಗೆ ನಿಂತಿತ್ತು.

ಚಿತ್ರಗಾರನಿಗೆ ಮತ್ತೆ ಕರೆ ಹೋಯಿತು. ಅವನು ಬಂದ. ಬಳ್ಳಿ ಇದ್ದ ಕಡೆ ಹುಲ್ಲು ನೋಡಿದ. “ಚಿತ್ರದಲ್ಲಿ ಗುಡಿಸಲಿತ್ತು ದೊರೆಗಳೇ, ಇಲ್ಲಿ ಇಲ್ಲ. ಹೊಗೆ ಇತ್ತು, ಮುದುಕಿ ಇದ್ದಳು. ಅವರನ್ನು ತೆಗೆದ ಮೇಲೆ ಉಳಿದದ್ದು ತಮ್ಮ ಮನೆಯೊಂದೇ,” ಎಂದ.

ಅವನು ಹೇಳಿದ್ದರಲ್ಲಿ ಒಂದು ಬೈಗುಳ ಇತ್ತು. ದೊರೆಗೆ ಅದು ಸಲಹೆಯಾಗಿ ಕೇಳಿಸಿತು.

ಆ ನಾಡಿನ ದೊರೆಗಳಿಗೆ ಇನ್ನೊಂದು ಶೋಕಿ ಉಂಟು. ನೋಟಕ್ಕೆಂದೇ ಕಟ್ಟಡ ಕಟ್ಟಿಸುವುದು. ಪಾಳುಬಿದ್ದ ಗುಡಿಯಂಥದನ್ನು ಹೊಸದಾಗಿ ಕಟ್ಟಿಸಿ, ಹಳೆಯದಾಗಿ ಕಾಣಲಿ ಎಂದು ಮೇಸ್ತ್ರಿಯಿಂದಲೇ ಅದಕ್ಕೆ ಬಿರುಕು ಬಿಡಿಸುತ್ತಾರೆ. ನಾನು ಕಟ್ಟುಕತೆ ಹೇಳುತ್ತಿಲ್ಲ, ಓದಿ ತಿಳಿದದ್ದು. ಹಾಗೆಯೇ ಈ ದೊರೆಯೂ ಗುಡಿಸಲು ಇದ್ದ ಜಾಗದಲ್ಲೇ ಒಂದು ಗುಡಿಸಲಿನ ಹಿಂಬದಿಯನ್ನು ಕಟ್ಟಿಸಿದ. ಮಂಟಪದಿಂದ ಕಾಣುವುದು ಹಿಂಬದಿ ತಾನೇ. ಹಿಂದಿನ ಗೋಡೆ, ಹಿತ್ತಿಲ ಬಾಗಿಲು, ಅರ್ಧ ಸೂರು. ಹೊಳೆಯ ಕಡೆಗೆ ಗೋಡೆಯೇ ಇಲ್ಲ, ಬಟಾಬಯಲು. ಅತ್ತಿಂದ ಬಂದ ಗಾಳಿ ನೇರ ಒಲೆಗೆ ಬಡಿಯುತ್ತಿತ್ತು.

ಹಿತ್ತಿಲ ಬಾಗಿಲಲ್ಲಿ ಕೂರಲು ಒಬ್ಬರು ಬೇಕಾಯಿತು. ಮೊದಲು ತೋಟದ ಆಳೊಬ್ಬನ ಹೆಂಡತಿಯನ್ನು ಕೂರಿಸಿ ನೋಡಿದರು. ಅವಳು ಹರೆಯದವಳು, ಬೆನ್ನು ಬಾಗಲಿಲ್ಲ, ಚಿತ್ರದ ಹಾಗೆ ಕಾಣಲಿಲ್ಲ. “ಇದ್ದವಳನ್ನೇ ಕರೆಸಿದರಾಯಿತು,” ಎಂದ ಪಾರುಪತ್ಯಗಾರ. ಮುದುಕಿಗೆ ಹೇಳಿ ಕಳುಹಿಸಿದರು. ಸಂಜೆಯ ಹೊತ್ತು ಬಂದು ಒಲೆ ಹಚ್ಚಿ ಬಾಗಿಲಲ್ಲಿ ಕೂರುವುದು, ಮಂಟಪದಲ್ಲಿ ಗಂಟೆ ಬಾರಿಸಿದಾಗ ಒಲೆ ಆರಿಸಿ ಎದ್ದು ಹೋಗುವುದು, ಇಷ್ಟೇ ಕೆಲಸ. ಕೂಲಿ ಉಂಟು.

ಮುದುಕಿ ಬಂದಳು. ಇಂಥ ಕೂಲಿಗೆ ಯಾಕೆ ಬಂದಳು ಎಂದು ಊರವರು ಕೇಳಿದರು. ಅವಳು ತನ್ನ ಗುಡಿಸಲು ಇದ್ದ ಜಾಗದಲ್ಲಿ ತನ್ನ ಗುಡಿಸಲಿನ ವೇಷ ಹಾಕಿ ನಿಂತದ್ದರೊಳಗೆ ಕೂತು, ಏನೂ ಬೇಯಿಸದೆ ಹೊಗೆ ಎಬ್ಬಿಸಿದಳು. ಗಂಟೆ ಕೇಳಿದಾಗ ಎದ್ದು ದಿಣ್ಣೆ ಹತ್ತಿದಳು. ಅವಳಿಗೆ ಅದರಿಂದ ಎಷ್ಟು ನೋವಾಗಿರಬೇಕು ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಈಗ ಎಲ್ಲವೂ ಚಿತ್ರದ ಹಾಗೆಯೇ ಇತ್ತು. ಸೂರು ಇತ್ತು, ಹೊಗೆ ಇತ್ತು, ಮುದುಕಿ ಇದ್ದಳು, ಎದುರಿಗೆ ಮನೆ ಇತ್ತು. ದೊರೆ ಚಿತ್ರವನ್ನೇ ಮಂಟಪಕ್ಕೆ ತರಿಸಿ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿ ನೋಡಿದ. ಕಿಟಕಿಗಳಲ್ಲಿ ಯಾವ ದೀಪ ಉರಿಯಬೇಕು, ಯಾವುದು ಉರಿಯಬಾರದು ಎಂದು ಹೇಳಿ ಕಳುಹಿಸಿದ. ಮೊದಲ ದಿನ ತೊಟ್ಟಿದ್ದ ಅಂಗಿಯನ್ನೇ ತೊಟ್ಟು ಕೂತ. ಕಣ್ಣು ಮುಚ್ಚಿ ತೆರೆದ. ನೆಮ್ಮದಿ ಬರಲಿಲ್ಲ. ಕರೆದಷ್ಟೂ ಹಟ ಹಿಡಿಯುವ ಮಗುವಿನ ಹಾಗೆ ಅದು ಇತ್ತ ತಿರುಗಿ ನೋಡಲಿಲ್ಲ.

ನೋಡಲು ಬಂದ ನೆಂಟರು ಮಾತ್ರ ಮೆಚ್ಚಿದರು. ಎಷ್ಟು ಶಾಂತವಾಗಿದೆ ಎಂದು ಹೊಗಳಿದರು. ನಾವೂ ಹೀಗೆ ಒಬ್ಬ ಮುದುಕಿಯನ್ನು ಇಡುತ್ತೇವೆ ಎಂದು ಹೇಳಿ ಹೋದರು. ದೊರೆಗೆ ಅವರ ಹೊಗಳಿಕೆ ಕೇಳಿದಷ್ಟೂ ಮೈ ಉರಿಯಿತು. ತನ್ನಲ್ಲಿ ಇಲ್ಲದ್ದನ್ನು ಇದೆ ಎಂದು ಊರೆಲ್ಲ ಹೇಳುವಾಗ ಮನುಷ್ಯ ಒಂಟಿಯಾಗುತ್ತಾನೆ. ಅವನು ಒಂಟಿಯಾದ.

ಮಾಗಿ ಬಂತು. ಮಂಜು ಹೊಳೆಯ ಮೇಲೆ ಕೂತಿತು. ದೊರೆ ಮಂಟಪಕ್ಕೆ ಹೋಗುವುದನ್ನು ಬಿಟ್ಟ. ಆದರೂ ಮುದುಕಿಯನ್ನು ಬೇಡ ಎನ್ನಲು ಯಾರಿಗೂ ನೆನಪಾಗಲಿಲ್ಲ. ಸಂಜೆ ಅವಳು ಬರುತ್ತಿದ್ದಳು, ಹೊಗೆ ಏಳುತ್ತಿತ್ತು. ಒಬ್ಬ ಆಳು ಖಾಲಿ ಮಂಟಪದಲ್ಲಿ ನಿಂತು ಗಂಟೆ ಬಾರಿಸುತ್ತಿದ್ದ.

ಒಂದು ದಿನ ದೊರೆ ಇದೆಲ್ಲ ಸಾಕು, ನಾಳೆಯೇ ಮಂಟಪವನ್ನೂ ಗುಡಿಸಲನ್ನೂ ಕೆಡವಿಸಿಬಿಡುತ್ತೇನೆ ಎಂದು ತೀರ್ಮಾನಿಸಿ ಕಿಟಕಿಯಲ್ಲಿ ನಿಂತಿದ್ದ. ಗಂಟೆಯ ಸದ್ದಾಯಿತು. ಹೊಗೆ ನಿಲ್ಲಲಿಲ್ಲ. ಕತ್ತಲಾಯಿತು, ಆಗಲೂ ಒಲೆಯ ಬೆಳಕು ಆರಲಿಲ್ಲ. ಅವನಿಗೆ ಕೋಪ ಬಂತು. ಎಲ್ಲದರ ಮೇಲಿನ ಕೋಪಕ್ಕೂ ಅಲ್ಲಿ ಒಂದು ದಾರಿ ಸಿಕ್ಕಿತು. ಯಾರನ್ನೂ 'ಬಾ' ಎನ್ನದೆ ಒಬ್ಬನೇ ಹೊರಟ. ಮಂಜಿನಲ್ಲಿ ಸೇತುವೆ ಕಾಣದೆ ಹೊಳೆಗೆ ಕಾಲಿಟ್ಟ. ಮೊಣಕಾಲವರೆಗೆ ನೆನೆದು, ನಡುಗುತ್ತ ಆಚೆ ದಡಕ್ಕೆ ಬಂದ.

ಹೊಳೆಯ ಕಡೆಗೆ ಬಯಲಾಗಿರಬೇಕಿದ್ದ ಗುಡಿಸಲಿಗೆ ಅತ್ತ ಗೋಡೆ ಬಂದಿತ್ತು. ಕಡ್ಡಿ ಹೆಣೆದು, ಮಣ್ಣು ಮೆತ್ತಿ, ಮುದುಕಿಯೇ ಎಬ್ಬಿಸಿದ ಗೋಡೆ. ಅದರ ನಡುವೆ ಒಂದು ಬಾಗಿಲು, ಬಾಗಿಲಿಗೆ ಗೋಣಿತಾಟು. ಮಂಟಪದಿಂದ ನೋಡುವವರಿಗೆ ಆ ಕಡೆ ಕಾಣುವುದೇ ಇಲ್ಲ, ದೊಡ್ಡ ಮನೆಯಿಂದ ನೋಡುವವರಿಗೆ ಮಂಜು ಅಡ್ಡ. ಹೀಗಾಗಿ ಅವಳು ಯಾವಾಗಿನಿಂದ ಕಟ್ಟುತ್ತಿದ್ದಳೋ ಯಾರಿಗೂ ಗೊತ್ತಾಗಿರಲಿಲ್ಲ. ದೊರೆ ತಾಟು ಸರಿಸಿದ. ಒಲೆಯ ಮೇಲೆ ಗಡಿಗೆ ಇತ್ತು. ಕೋಳಿಗಳು ಮೂಲೆಯಲ್ಲಿ ಮುದುರಿಕೊಂಡಿದ್ದವು.

“ಗಂಟೆ ಕೇಳಲಿಲ್ಲವೇ?” ಎಂದ ದೊರೆ.

“ಕೇಳ್ತು ಬುದ್ಧಿ. ಗಂಟೆ ಬಾರ್ಸೋಗಂಟ ನಿಮ್ಮ ಹೊತ್ತು. ಆಮ್ಯಾಕೆ ನನ್ನ ಹೊತ್ತು,” ಎಂದಳು ಮುದುಕಿ. ಅಷ್ಟರಲ್ಲಿ ಅವನ ಕಾಲು ಅವಳ ಕಣ್ಣಿಗೆ ಬಿತ್ತು. “ಅಯ್ಯೋ, ಪೂರಾ ನೆನ್ಕೊಂಡಿದ್ದೀರಿ. ಮೊದ್ಲು ಒಲೆ ಮುಂದೆ ಕೂತ್ಕೊಳ್ಳಿ. ಬಯ್ಯೋದು ಆಮ್ಯಾಕೆ ಬಯ್ಯೀರಂತೆ.”

ದೊರೆಗೆ ಬಯ್ಯಲು ತ್ರಾಣವಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ತೋರಿಸಿದ ಮಣೆಯ ಮೇಲೆ ಕೂತ. ಅವಳು ಅವನ ಬೂಟು ಬಿಚ್ಚಿ ಒಲೆಯ ಪಕ್ಕಕ್ಕೆ ಇಟ್ಟಳು. ಗಡಿಗೆಯಲ್ಲಿ ಗೆಡ್ಡೆ ಹಾಕಿದ ಬಾರ್ಲಿ ಗಂಜಿ ಇತ್ತು. ಬಟ್ಟಲಿಗೆ ಬಗ್ಗಿಸಿ ಕೈಗೆ ಕೊಟ್ಟಳು. ಅವನು ಕುಡಿದ. ಅವಳು ತನ್ನ ಪಾಡಿಗೆ ಕಡ್ಡಿ ಮುರಿದು ಒಲೆಗೆ ಹಾಕುತ್ತಿದ್ದಳು. ಕೋಳಿಯೊಂದು ಅವನ ಬೂಟಿನ ಮೇಲೆ ಹತ್ತಿ ಕೂತಿತು. ಅವನು ಅದನ್ನು ಓಡಿಸಲಿಲ್ಲ. ಸರಿದ ತಾಟಿನ ಸಂದಿಯಲ್ಲಿ ಹೊಳೆಯಾಚೆ ಮಂಜಿನೊಳಗೆ ಒಂದು ಮನೆ ಇತ್ತು. ಕಿಟಕಿಗಳಲ್ಲಿ ದೀಪ ಇತ್ತು. ಹೊತ್ತಾಯಿತು, ಅಲ್ಲಿಗೆ ಹೋಗಬೇಕು ಎಂದು ಅವನ ಮನಸ್ಸಿಗೆ ಸುಮ್ಮನೆ ಬಂತು. ಬಟ್ಟಲು ಬರಿದಾದ ಮೇಲೆಯೇ ಅವನಿಗೆ ತಿಳಿದದ್ದು. ಅಷ್ಟು ಹೊತ್ತು ಎದೆಯೊಳಗೆ ಅದು ಬಂದು ಕೂತಿತ್ತು. ಮೊದಲ ದಿನ ಬಂದದ್ದಕ್ಕಿಂತ ಹೆಚ್ಚಾಗಿಯೇ ಬಂದಿತ್ತು.

ಅವನು ಬಟ್ಟಲನ್ನು ಕೆಳಗಿಡದೆ ಕೂತೇ ಇದ್ದ. ಅವನ ಮುಖ ಮೆತ್ತಗಾದದ್ದನ್ನು ಮುದುಕಿ ನೋಡಿದಳು. ಕೇಳುವುದಾದರೆ ಈಗಲೇ ಕೇಳಬೇಕು ಅನ್ನಿಸಿತು.

“ಬುದ್ಧಿ, ಈ ಗೋಡೆ ಇರ್ಲಾ, ಕೆಡವಿಸ್ತೀರಾ? ಇರ್ಲಿ ಅಂದ್ರೆ ನಾನು ಇಲ್ಲೇ ಇದ್ಬುಡ್ತೀನಿ. ಕೂಲಿ ಬ್ಯಾಡ.”

“ನಾಳೆ ಹೇಳುತ್ತೇನೆ,” ಎಂದ ದೊರೆ. ಅವಳು ಕೊಳ್ಳಿ ಹಿಡಿದು ಸೇತುವೆಯವರೆಗೆ ದಾರಿ ತೋರಿಸಿದಳು. ಅವನು ಮನೆಗೆ ಹೋದ. ಮುದುಕಿಗೆ ನಿದ್ದೆ ಬರಲಿಲ್ಲ. ಇರಲಿ ಅಂದಾನು, ಗಂಜಿ ಕುಡಿದವನು ಹೇಗೆ ಬೇಡ ಅಂದಾನು ಎಂದು ಅವಳು ಬೆಳಗಿನವರೆಗೂ ಆಸೆ ಇಟ್ಟುಕೊಂಡು ಕೂತಿದ್ದಳು.

ಇಷ್ಟು ಹೇಳಿ ಗುರುಗಳು ಸುಮ್ಮನಾದರು. ಬಿಸಿಲು ಸರಿದಿತ್ತು. ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಬಿಸಿಲಿನ ಕಡೆಗೆ ಜರುಗಿಸಿದರು. ಗುರುಪಾದ ಕಾದ. ಕತೆ ಮುಗಿಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆ ಮುದುಕಿಗೆ ಗೋಡೆ ಉಳಿಯಲಿ ಎಂದು ಅವನ ಮನಸ್ಸು ಹಾರೈಸುತ್ತಿತ್ತು.

“ಮರುದಿನ ಏನು ಹೇಳಿದ, ಬುದ್ಧಿ? ಅವಳ ಮನೆ ಅವಳಿಗೆ ಬಿಟ್ಟುಕೊಟ್ಟನೇ?”

“ಆ ಗಂಜಿ ಮಾಡುವುದನ್ನು ಕಲಿತು ಬಾ ಎಂದು ಮರುದಿನ ಅಡುಗೆಯವನನ್ನು ಕಳುಹಿಸಿದ,” ಎಂದರು ಗುರುಗಳು.

ಗುರುಪಾದ ಎದ್ದು, ಕಲ್ಲು ಬಿಟ್ಟು ಏಳಬೇಡವೆಂದು ಚಿಕ್ಕತಾಯಮ್ಮನಿಗೆ ಹೇಳಲು ಕೆರೆಯ ಕಡೆಗೆ ಹೊರಟ.